ಮೂರು ನಿಮಿಷದ ಊರು

ಊಟದ ಮೇಜಿನ ಮೇಲೆ ಯುರೋಪು ಹರಡಿದೆ.
ಒಂದು ಮೂಲೆಗೆ ಉಪ್ಪಿನಕಾಯಿ ಭರಣಿ,
ಇನ್ನೊಂದಕ್ಕೆ ನನ್ನ ಮಂಡಿನೋವಿನ ಎಣ್ಣೆ ಸೀಸೆ;
ಇಲ್ಲದಿದ್ದರೆ ಫ್ಯಾನಿನ ಗಾಳಿಗೆ
ಪೋರ್ಚುಗಲ್ ಎದ್ದು ಹಾರುತ್ತದೆ.

ಪೋಸ್ಟಾಫೀಸಿನ ಠೇವಣಿ ಹಣ್ಣಾಗಿದೆ.
ಋಜುತಾಳಿಗೆ ಇಪ್ಪತ್ತೊಂದು ತುಂಬಿದೆ.
"ಒಂದೇ ಊರು ಅಜ್ಜಿ, ಆರೇ ದಿನ,
ನೀನೇ ಸಾಂಗು, ಯಾವುದು?"
ಮುಲುಂಡಿನಲ್ಲಿ ಹುಟ್ಟಿದ ಕನ್ನಡಕ್ಕೆ
ಮರಾಠಿಯ ಒಗ್ಗರಣೆ ಇಲ್ಲದಿದ್ದರೆ ನನಗೂ ರುಚಿಸದು.

ನಾನು ಬಾಯಿ ತೆರೆಯುವ ಮೊದಲೇ ಅವಳೇ ಅಳಿಸುತ್ತಾಳೆ:
ಪ್ರಾಗಿನಲ್ಲಿ ಗುಂಡುಕಲ್ಲಿನ ಬೀದಿ, ನಿನ್ನ ಮಂಡಿ ಬೈಯುತ್ತೆ.
ಲಿಸ್ಬನ್ ಬರೀ ಏರು.
ಆಮ್‌ಸ್ಟರ್‌ಡ್ಯಾಮಿನ ಮೆಟ್ಟಿಲು ಏಣಿಗೇ ಅಕ್ಕ.
ಹೋಟೆಲು ಹೋಟೆಲಿನ ಲಿಫ್ಟು ನೋಡುತ್ತಾಳೆ,
ಬಚ್ಚಲಿನ ಫೋಟೋ ಹಿಗ್ಗಿಸಿ ಹಿಡಿಕೆ ಹುಡುಕುತ್ತಾಳೆ.
"ದಿನಕ್ಕೆ ನಿನಗೆ ಎಷ್ಟು ಹೆಜ್ಜೆ ಆಗುತ್ತೆ?"
ಹೆಜ್ಜೆ ಎಣಿಸಿ ನಡೆದವಳಲ್ಲ ಮಗಳೇ,
ಏಳು ಹತ್ತರ ಫಾಸ್ಟ್ ಲೋಕಲ್ಲಿಗಾಗಿ
ಸೀರೆ ಎತ್ತಿ ಸೇತುವೆ ಇಳಿದವಳು.

"ತ್ರಿಯೆಸ್ತೆ" ಎಂದೆ.

"ಅದೆಲ್ಲಿ?"
ನಕ್ಷೆಯ ಮೇಲೆ ನನ್ನ ಬೆರಳು ತಡವರಿಸಲಿಲ್ಲ.
ಇಟಲಿಯ ಆಚೆ ತುದಿ, ಕಡಲಿನ ಕಂಕುಳು.
ಇವಳು ಅಜ್ಜಿಯೋ, ಹಡಗಿನ ಕಪ್ತಾನಳೋ
ಎಂಬಂತೆ ನೋಡಿದಳು.

ಫೌಂಟನ್ನಿನ ಬಳಿಯ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಫೋನು, ಕೈಗೆ ತಂತಿ, ಮೂವತ್ತೊಂದು ವರ್ಷ.
ಪುಣೆ ದಾಟದವಳ ಬೆರಳ ತುದಿಯಲ್ಲಿ ಭೂಗೋಳ.
ಲಂಡನ್ನಿಗೆ ಸದಾ ನೆಗಡಿ.
ರೋಮಿಗೆ ಅವಸರ, ಆದರೂ ದೀಪಾವಳಿ ಯಾವಾಗ ಎಂದು ಕೇಳುತ್ತಿತ್ತು.

ಶನಿವಾರ ರಾತ್ರಿ ಹತ್ತೂವರೆಗೆ
ಮಜಗಾಂವಿನ ಪಿಯೆದಾದ್ ಬಾಯಿ:
ತ್ರಿಯೆಸ್ತೆ, ನಾವಿಕರ ವಸತಿಗೃಹ, ಮೂರು ನಿಮಿಷ.
ಮೂರೇ, ನಾಲ್ಕನೆಯದಕ್ಕೆ ದುಡ್ಡಿಲ್ಲ.
ಗಂಟೆ ಬಡಿಯುತ್ತಿತ್ತು, ಎತ್ತುವವರಿಲ್ಲ.
ನಿಯಮಕ್ಕೆ ಒಂದು ನಿಮಿಷ ಬಡಿಸಬೇಕು; ನಾನು ಐದು ಬಡಿಸಿದೆ.
ಎತ್ತದ ಕರೆಗೆ ಬಿಲ್ಲಿಲ್ಲ.
ಹದಿನೇಳು ಶನಿವಾರ
ಇಬ್ಬರೂ ಒಂದೇ ಗಂಟೆ ಕೇಳುತ್ತ ಕೂತೆವು,
ಅವಳು ಅಂಚೆಕಚೇರಿಯ ಮರದ ಗೂಡಿನಲ್ಲಿ,
ನಾನು ಇಲ್ಲಿ, ಹೊಟ್ಟೆಯಲ್ಲಿ ನಿನ್ನಪ್ಪ.
ಹದಿನೆಂಟನೆಯದಕ್ಕೆ ಅವಳು ಬರಲಿಲ್ಲ.

ಇಷ್ಟನ್ನು ಋಜುತಾಳಿಗೆ ಹೇಳಿದೆ.
ಅವಳು ಪೆನ್ನು ಕೆಳಗಿಟ್ಟಳು.
"ನಂಬರು ನೆನಪಿದೆಯಾ?"
ಇದೆ. ನಿಮ್ಮಜ್ಜನ ಮೊಬೈಲಿನದ್ದು ಮಾತ್ರ
ಎಂದೂ ಬಾಯಿಗೆ ಬರಲಿಲ್ಲ.

ಹೇಳದೆ ಉಳಿದದ್ದು ಇಷ್ಟು:
ಹತ್ತೊಂಬತ್ತನೆಯ ಶನಿವಾರ, ಬೋರ್ಡು ಖಾಲಿ,
ಮೇಲ್ವಿಚಾರಕಿ ಚಹಾಕ್ಕೆ ಎದ್ದಾಗ
ನಾನೇ ಕೇಳಿದೆ ರೋಮನ್ನು, ರೋಮು ಕೇಳಿತು ಅದನ್ನು.
ಎರಡನೆಯ ಗಂಟೆಗೇ ಎತ್ತಿದರು.
"ಪ್ರೋಂತೊ" ಎಂದಿತು ಒಂದು ಗಂಡಸಿನ ದನಿ.
ಹಿಂದೆ ನೀರಿನ ಸದ್ದು, ಕಡಲೋ, ನಿಲ್ಲಿಸದ ನಲ್ಲಿಯೋ.
ಮತ್ತೊಮ್ಮೆ, ಮೆಲ್ಲಗೆ, "ಪ್ರೋಂತೊ?"
ಜೋಡಿಸಲು ಈ ಬದಿಯಲ್ಲಿ ಯಾರೂ ಇರಲಿಲ್ಲ.
ತಂತಿ ಕಿತ್ತೆ.

"ಗಾಳಿ ಭಯಂಕರ ಅಂತೆ ಅಜ್ಜಿ ಅಲ್ಲಿ,
ನಿನ್ನನ್ನು ಹಾರಿಸಿಕೊಂಡು ಹೋಗುತ್ತೆ."
ಉಪ್ಪಿನಕಾಯಿ ಭರಣಿ ಕಟ್ಟಿಕೊಳ್ಳೋಣ ಬಿಡು.
ನಕ್ಕಳು. ಲಿಫ್ಟಿಲ್ಲದಿದ್ದರೂ
ನೆಲಮಹಡಿಯ ಕೋಣೆ ಸಿಕ್ಕಿತು, ಬಂದರಿನ ಪಕ್ಕ.
ಕಾಫಿ ಚೆನ್ನಾಗಿರುತ್ತದಂತೆ, ಎಂದಳು,
ನನಗಲ್ಲ, ತನಗೇ ಕಾರಣ ಬೇಕಾದವಳಂತೆ.

ವೀಸಾದ ಫಾರಮ್ಮು ಕೇಳುತ್ತಿದೆ:
ಭೇಟಿಯ ಉದ್ದೇಶ. ಅಲ್ಲಿ ಪರಿಚಯದವರು ಯಾರಾದರೂ?
ಋಜುತಾಳ ಬೆರಳು ಪರದೆಯ ಮೇಲೆ ಕಾಯುತ್ತಿದೆ.
"ಹೇಳು ಅಜ್ಜಿ, ಇಲ್ಲ ಅಂತ ಹಾಕಲಾ?"

ಲೈನಿನಲ್ಲಿರು, ಎನ್ನುತ್ತೇನೆ,
ಹಳೆಯ ರೂಢಿಯ ಬಾಯಿ.